ನಕ್ಷೆಯ ಮೇಲೆ ಭರಣಿ

ಊಟದ ಮೇಜಿನ ಮೇಲೆ ನಕ್ಷೆ ಬಿಚ್ಚಿದ್ದೇನೆ.
ನಾಲ್ಕು ಮೂಲೆಗೆ ನಾಲ್ಕು ಭಾರ:
ಉಪ್ಪಿನಕಾಯಿ ಭರಣಿ, ಕನ್ನಡಕದ ಡಬ್ಬಿ,
ಫೌಂಡ್ರಿಯಿಂದ ತಂದ ಒಂದು ಒಡಕು ವಾಲ್ವ್,
ಮತ್ತು ಮನೋರಮಾ ಕಾಕಿಯ ಮೊಣಕೈ.

ಸಾಂಬ್ರಾದಿಂದ ಜಮ್ಶೆಡ್‌ಪುರ.
ಪೆನ್ಸಿಲಿನ ಗೆರೆ ಒಂದೂವರೆ ಮೊಳ.
ಅಪ್ಪ ರೈಲಿನಲ್ಲಿ ಮೂರು ದಿನ ಹೋಗಿದ್ದ
ಕಬ್ಬಿಣ ಕರಗಿಸುವುದು ಕಲಿಯಲು;
ಬರುವಾಗ ಟ್ರಂಕು ತುಂಬ ನೋಟುಬುಕ್ಕು,
ಎಡಗೈ ಮೇಲೆ ಸುಟ್ಟ ಕಲೆ.
ನನಗೆ ಎಂಟೂವರೆ ತಾಸು ಸಾಕು, ಗಾಳಿ ಎದುರಾಗದಿದ್ದರೆ,
ಆಕಾಶ ಒಪ್ಪಿದರೆ.

ಒಪ್ಪುವುದು ಬೆಳಗ್ಗೆ ಮಾತ್ರ.
ಮೇ ತಿಂಗಳ ಆಕಾಶ ಹನ್ನೊಂದಕ್ಕೆ ಹತ್ತಿ ಬಿಡಿಸುತ್ತದೆ,
ಹನ್ನೆರಡೂವರೆಗೆ ಗುಡ್ಡೆ ಹಾಕುತ್ತದೆ,
ಎರಡಕ್ಕೆ ಅದೇ ಹತ್ತಿಯ ತಳಕ್ಕೆ ಮಸಿ ಹತ್ತುತ್ತದೆ.
ಆಮೇಲೆ ಅದು ನನ್ನದಲ್ಲ.
ಆ ಮೋಡದ ಮುಂದೆ ನಾಲ್ಕು ಸೀಟಿನ ನನ್ನ ಸೆಸ್ನಾ
ಕೇರುವ ಮೊರದೊಳಗಿನ ಜೊಳ್ಳು ಕಾಳು.

ಆದ್ದರಿಂದ ಹೀಗೆ:
ಆರಕ್ಕೆ ಗಾಲಿ ನೆಲ ಬಿಡಬೇಕು.
ಬೇಗಂಪೇಟೆಯಲ್ಲಿ ಇಂಧನ, ಒಂದು ಪ್ಲೇಟು ಇಡ್ಲಿ.
ಒಂದರೊಳಗೆ ನಾಗಪುರ, ರೆಕ್ಕೆಗೆ ಹಗ್ಗ.
ಮರುದಿನ ರಾಯಪುರ, ಅಲ್ಲಿಂದ ಕಾಡಿನ ಮೇಲೆ.
ಆ ಕಾಡಿನ ಮೇಲೆ ಪೆನ್ಸಿಲು ನಿಧಾನವಾಗುತ್ತದೆ.
ಇಳಿಯಲು ಬಯಲಿಲ್ಲ; ಆ ಕಡೆ
ವೈಶಾಖದ ಬಿರುಗಾಳಿಗೆ ಹೆಸರೇ ಇದೆಯಂತೆ,
ಹೆಸರಿಟ್ಟವರ ಸೂರನ್ನು ಅದು ಎಷ್ಟು ಸಲ ಕಿತ್ತಿರಬೇಕು.
ಗೆರೆಯ ಕೆಳಗೊಂದು ಚುಕ್ಕೆಗೆರೆ, ಮೇಲೊಂದು,
ಮೂರನೆಯದು ಬಂದ ದಾರಿಯಲ್ಲೇ ಹಿಂದಕ್ಕೆ.
ಅದನ್ನೇ ಎಲ್ಲಕ್ಕಿಂತ ದಪ್ಪಗೆ ಎಳೆದೆ.

ಕಾಕಿ ಕೇಳಿದಳು: "ಅಲ್ಲಿಂದ ಶಿಖರಜಿ ಎಷ್ಟ್ ದೂರ ಆಗ್ತದ?"
"ಮುಕ್ಕಾಲು ತಾಸು."
"ಮ್ಯಾಲಿಂದ ನೋಡಿದರ ಪುಣ್ಯ ಬರ್ತದೇನು?"
"ನಡದು ಹತ್ತಿದವರನ್ನ ಕೇಳು" ಎಂದೆ.
ಅವಳು ಮೊಣಕೈ ತೆಗೆದಳು.
ಪೂರ್ವ ಭಾರತ ಸುರುಳಿ ಸುತ್ತಿಕೊಂಡಿತು.

ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ.
ಮಳೆಗಾಲ ಬಂತೆಂದರೆ ಮುನಿಗಳಿಗೆ ನಾಲ್ಕು ತಿಂಗಳು ಒಂದೇ ಊರು.
ಚಿಕ್ಕಂದಿನಲ್ಲಿ ಎರಡಕ್ಕೂ ಯಾಕೆಂದು ಕೇಳಿ ಬೈಸಿಕೊಂಡಿದ್ದೆ.
ನಲವತ್ತಾರಕ್ಕೆ ಲೈಸೆನ್ಸಿಗೆ ಓದಲು ಕೂತಾಗ
ಪುಸ್ತಕದಲ್ಲಿತ್ತು:
ಹೊತ್ತು ಮುಳುಗುವ ಮೊದಲು ಇಳಿಯತಕ್ಕದ್ದು.
ಮೋಡದೊಳಗೆ ಹೋಗತಕ್ಕದ್ದಲ್ಲ.
ನಕ್ಕುಬಿಟ್ಟೆ. ಪಕ್ಕದ ಬೆಂಚಿನ ಹುಡುಗರು
ಆಂಟಿಗೆ ಏನೋ ಆಯಿತು ಎಂದುಕೊಂಡರು.

ಸಂಜೆ ಹವಾಮಾನದವರಿಗೆ ಫೋನು.
ಆ ಕಡೆಯ ಹುಡುಗ 'ನಾಳೆ' ಎಂಬ ಪದವನ್ನು
ಬಿಸಿ ಹಾಲಿನ ಲೋಟದಂತೆ ತುದಿಬೆರಳಲ್ಲಿ ಹಿಡಿಯುತ್ತಾನೆ:
"ಸಾಧ್ಯತೆ ಇದೆ, ಮೇಡಂ. ಅಲ್ಲಲ್ಲಿ."
ಅಲ್ಲಲ್ಲಿ ಎಂದರೆ ಎಲ್ಲಿ ಎಂದು ನಾನು ಕೇಳಲಿಲ್ಲ.

ರಾತ್ರಿ ಒಂಬತ್ತಕ್ಕೆ ಉತ್ತರ ಬಂತು,
ಮೊದಲು ವಡಗಾವಿಯ ತಗಡುಗಳ ಮೇಲೆ,
ಆಮೇಲೆ ನಮ್ಮ ಅಂಗಳದ ಮಾವಿನ ಮೇಲೆ.
ಆಲಿಕಲ್ಲು. ಕರೆಂಟು ಹೋಯಿತು.
"ಭರಣಿ ಸುರಿದರೆ ಧರಣಿ ಬದುಕೀತು" ಎಂದಳು ಕಾಕಿ ಕತ್ತಲಲ್ಲಿ,
ಸಂತೋಷದಿಂದ, ಬೇರೆ ಯಾರ ಲೆಕ್ಕವನ್ನೂ ಇಡದೆ.
ನಾನು ಟಾರ್ಚು ಹಿಡಿದು
ಬುಧವಾರ ಅಳಿಸಿ ಗುರುವಾರ ಬರೆದೆ.

ಬೆಳಗ್ಗೆ ಸಾಂಬ್ರಾ ತೊಳೆದಿಟ್ಟ ತಟ್ಟೆ.
ಛೆ, ಹೊರಡಬಹುದಿತ್ತು, ಅನಿಸುವಷ್ಟು ನೀಲಿ.
ಯಲ್ಲೋಜಿ ರೆಕ್ಕೆಯ ಕೆಳಗೆ ಕುಕ್ಕರಗಾಲಲ್ಲಿ ಕೂತು
ಟ್ಯಾಂಕಿನಿಂದ ಗಾಜಿನ ಕೊಳವೆಗೆ ಇಂಧನ ಇಳಿಸಿದ,
ಬೆಳಕಿಗೆ ಹಿಡಿದ.
"ನೋಡ್ರಿ ಅಕ್ಕಾರ."
ತೆಳುನೀಲಿಯ ತಳದಲ್ಲಿ
ಸಾಸಿವೆಯಷ್ಟು ಒಂದು ಹನಿ, ನಡುಗುತ್ತಿತ್ತು.
ನಿನ್ನೆಯ ಬಿರುಮಳೆಯಲ್ಲಿ ಉಳಿದದ್ದು ಅಷ್ಟೇ.
ಕಾಡಿನ ಮೇಲೆ ಎಂಜಿನ್ ಕೆಮ್ಮಲು
ಇಂಥವು ನಾಲ್ಕಾರು ಸಾಕು.

ಅಜ್ಜಿ ಎರಡು ಮಡಿಕೆ ಬಟ್ಟೆಯಲ್ಲಿ ನೀರು ಸೋಸುತ್ತಿದ್ದಳು.
ನಾವು ನೀರನ್ನೇ ಸೋಸಿ ತೆಗೆದೆವು:
ಇನ್ನೊಂದು ಕೊಳವೆ, ಇನ್ನೊಂದು,
ಎಡ ರೆಕ್ಕೆ, ಬಲ ರೆಕ್ಕೆ.
ಆರನೆಯದರಲ್ಲಿ ಏನೂ ಇರಲಿಲ್ಲ.
ಯಲ್ಲೋಜಿ ಮತ್ತೊಂದು ಹಿಡಿದ.