ಕಪ್ಪುಹಲಗೆ ಕೆಲಸ

ಪಾಠಯೋಜನೆಯ ಪುಸ್ತಕದಲ್ಲಿ ಐದು ಕಾಲಂ.
ನಾಲ್ಕನೆಯದರ ತಲೆಬರಹ: ಕಪ್ಪುಹಲಗೆ ಕೆಲಸ.
ಹಲಗೆಯಿರುವ ಶಾಲೆಗೆ ಬೀಗ ಬಿದ್ದು ಹದಿನೇಳು ದಿನ,
ಕೀಲಿ ಯಾರ ಹತ್ತಿರವೋ.
ಸುಂಕದಕಟ್ಟೆಯ ಎರಡನೇ ಮಹಡಿಯಲ್ಲಿ
ಬೀರುವಿನ ಬಾಗಿಲೇ ಹಲಗೆಯೆಂದುಕೊಂಡು
ಸೀಮೆಸುಣ್ಣ ಎಳೆದೆ. ಅಕ್ಷರ ಹತ್ತಲಿಲ್ಲ.
ಅಮ್ಮ ಒದ್ದೆ ಬಟ್ಟೆ ತಂದಳು, ಏನೂ ಅನ್ನಲಿಲ್ಲ.

ದಾರಿ ತೋರಿಸಿದ್ದು ಪ್ಲಾಸ್ಟಿಕ್ ಸ್ಟೂಲು.
ನಡುವೆ ತೂತಿರುತ್ತದಲ್ಲ, ಯಾಕೆಂದು ಯಾರೂ ಕೇಳದ ತೂತು,
ಅದರ ಮೇಲೆ ಫೋನು ಅಂಗಾತ ಮಲಗಿಸಿದರೆ
ಕ್ಯಾಮೆರಾ ನೆಲ ನೋಡುತ್ತದೆ.
ನೆಲದ ಮೇಲೆ ಹಳೇ ಕ್ಯಾಲೆಂಡರಿನ ಬೆನ್ನು.
ಸ್ಟೂಲಿನ ಕಾಲುಗಳ ನಡುವೆ ಕೈ ತೂರಿಸಿ,
ಎಮ್ಮೆ ಕರೆಯುವವಳ ಹಾಗೆ ಕುಕ್ಕರುಗಾಲಲ್ಲಿ ಕೂತು,
ಬರೆದೆ: ಸಂಧಿ.

ತರಗತಿ ರಾತ್ರಿ ಎಂಟೂವರೆಗೆ.
ಹಗಲೆಲ್ಲ ಫೋನುಗಳು ಆಟೋದಲ್ಲಿ, ಗಾರ್ಮೆಂಟ್ಸಿನ ಲಾಕರಿನಲ್ಲಿ,
ಯಾವುದೋ ಸೈಟು ಕಾಯುವವರ ಜೇಬಿನಲ್ಲಿ.
ಹಾಜರಿಯಲ್ಲಿ ಮೂವತ್ತೆಂಟು ಹೆಸರು; ಬಂದವರು ಹನ್ನೊಂದು,
ಅವರಲ್ಲಿ ಐವರು ಅಪ್ಪಂದಿರ ಹೆಸರಲ್ಲಿ.
'ಆಟೋ ರಾಜೇಂದ್ರನ್' ಎಂಬ ಚೌಕದೊಳಗಿಂದ
ಪೂಂಗೊಡಿ ಕೈ ಎತ್ತುತ್ತಾಳೆ.

'ಮಾತು, ಇಲ್ಲ. ಸೇರಿಸಿ ಹೇಳಿ.'
'ಮಾತಿಲ್ಲ ಮಿಸ್.'
'ಏನು ಹೋಯಿತು?'
'ನೆಟ್‌ವರ್ಕ್ ಹೋಯ್ತು ಮಿಸ್.'
ಹತ್ತು ಚೌಕ ನಗುತ್ತವೆ.
ಹನ್ನೊಂದನೆಯ ನಗು ತಡವಾಗಿ ತಲುಪುತ್ತದೆ.
'ಉಕಾರ' ಎಂದು ತಿದ್ದುವಷ್ಟರಲ್ಲಿ
ಅವರ ಪರದೆಯ ಮೇಲೆ ನನ್ನ ಕೈ ಕಲ್ಲಾಗಿದೆಯಂತೆ,
ಕೊಂಬು ಅರ್ಧ ಎಳೆದು.

ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತದೆ.
ಒಂದು ಕೈ ಸ್ಟೂಲಿನಡಿ, ಇನ್ನೊಂದು ಕಾಗದ ಹಿಡಿದಿದೆ,
ಮ್ಯೂಟ್ ಒತ್ತಲು ಮೂರನೆಯದಿಲ್ಲ.
'ಮೂರಾಯ್ತು ಮಿಸ್, ಆರಿಸಿ,' ಅಂತಾನೆ ಇಮ್ತಿಯಾಜ್.
'ಬೇಳೆಗೆ ನಾಲ್ಕು ಬೇಕು ಕಣೋ.'
'ನಮ್ಮಮ್ಮ ಎರಡಕ್ಕೇ ಇಳಿಸೋದು.'
ಲೋಪ ಸಂಧಿ ಅಲ್ಲಿಗೆ ಮುಗಿಯಿತು.
ಕ್ಯಾಮೆರಾ ಮುಚ್ಚಿ ಹಿಂದಿನ ಬೆಂಚಿನಲ್ಲಿ ಕೂತಂತಿದ್ದ
ದಾಕ್ಷಾಯಣಿ ಮೇಡಂ ಷರಾ ಕಳಿಸಿದರು:
ತರಗತಿ ನಿಯಂತ್ರಣ ಸಾಲದು.
ಐದು ನಿಮಿಷ ಬಿಟ್ಟು ಇನ್ನೊಂದು ಮೆಸೇಜು:
ನಮ್ಮನೇಲೂ ನಾಲ್ಕೇ.

ಹಾಜರಿಯಲ್ಲಿ ಇಪ್ಪತ್ತಾರನೆಯವಳು ನೀಲವ್ವ,
ಮೂಲೆ ಕಟ್ಟಡದ ಶೆಡ್ಡಿನವಳು.
ಒಂದು ದಿನವೂ ಚೌಕಕ್ಕೆ ಬಂದವಳಲ್ಲ.
ಆಬ್ಸೆಂಟ್, ಆಬ್ಸೆಂಟ್ ಎಂದು ಗೆರೆ ಎಳೆದಿದ್ದೆ, ಕೆಂಪಿನಲ್ಲಿ.
ಹನ್ನೊಂದು ಹತ್ತಕ್ಕೆ ಅವಳ ದನಿ ಬಂತು.
ಮೊದಲು ಫ್ಯಾನಿನ ಕಿರಕಿರ, ಯಾರದೋ ಕೆಮ್ಮು,
ಆಮೇಲೆ ಮಲಗಿದ ತಮ್ಮ ಏಳದ ಹಾಗೆ ಪಿಸುಮಾತು:
'ಮಳಿ, ಕಾಲ. ಮಳಿಗಾಲ. ಕ ಹೋಗಿ ಗ ಬಂತ್ರಿ ಟೀಚರ್.
ಮನಿ, ಅಲ್ಲಿ. ಮನಿಯಲ್ಲಿ.
ಈ ಯ ಎಲ್ಲಿಂದ ಬಂತು ಗೊತ್ತಾಗಲಿಲ್ರಿ.'

ಮಳೆ ಅಲ್ಲವೇ, ಮನೆ ಅಲ್ಲವೇ
ಎಂದು ತಿದ್ದಲು ಬಾಯಿ ತೆರೆದೆ. ತಿದ್ದಲಿಲ್ಲ.
ಹೊದಿಕೆಯೊಳಗೆ ತಲೆ ಹಾಕಿ ನಾನೂ ಪಿಸುಗುಟ್ಟಿದೆ:
ಎರಡು ಸ್ವರ ಪಕ್ಕಪಕ್ಕ ಕೂರಲಾರವು ನೀಲವ್ವ,
ನಡುವೆ ಯಾರಾದರೂ ಬರಬೇಕು.
ಕಳಿಸಿ, ಅಳಿಸಿ, ಮತ್ತೆ ಹೇಳಿ ಕಳಿಸಿದೆ.
ಬಿ.ಎಡ್‌ನಲ್ಲಿ ಸ್ವರದ ಏರಿಳಿತಕ್ಕೆ ಹತ್ತು ಅಂಕ;
ಇಷ್ಟು ಇಳಿದ ಸ್ವರಕ್ಕೆ ಎಷ್ಟೋ ಗೊತ್ತಿಲ್ಲ.
ಎರಡು ಗೆರೆ ನೀಲಿಯಾಗುವವರೆಗೆ ಎದ್ದಿದ್ದೆ. ಆಗಲಿಲ್ಲ.
ಫೋನು ಅವಳಪ್ಪನ ಜೊತೆ ಕಾವಲಿಗೆ ಹೋಗಿರಬೇಕು.

ಬೆಳಿಗ್ಗೆ ಯೋಜನೆ ಬರೆಯುವಾಗ
ನಾಲ್ಕನೆಯ ಕಾಲಂ ಹಾಗೇ ಉಳಿಯಿತು.
ಅಪ್ಪ ಸ್ಟೂಲಿನ ಮೇಲೆ ಕೂತು ಶೂ ಕಟ್ಟುತ್ತಿದ್ದರು, ಮೊದಲ ಪಾಳಿಗೆ.
'ಕೆಲಸಕ್ಕೆ ಹೋಗ್ತಾ ಅದನ್ನ ಟೆರೇಸಿಗೆ ಒಯ್ಯಬೇಡಪ್ಪ, ರಾತ್ರಿಗೆ ಬೇಕು' ಎಂದೆ.
'ಏನು, ಬೋರ್ಡಾ?' ಅಂದರು,
ಎದ್ದು, ಅಂಗೈಯಿಂದ ಒಂದು ಸಲ ಒರೆಸಿ,
ಗೋಡೆಗೆ ಒತ್ತಿ ಇಟ್ಟರು.