ದಂಡ ಐದು ಕ್ರೋನ

ತಿಂಗಳಿಗೆರಡು ಸಲ ಸಾಂಡೋಯ್ ದ್ವೀಪಕ್ಕೆ
ಪುಸ್ತಕದ ವ್ಯಾನು ಒಯ್ಯುತ್ತೇನೆ.
ಮರ್ಯುನ್ ಬರುತ್ತಾಳೆ, ಮೀನಿನ ಕಾರ್ಖಾನೆಯ ಪಾಳಿ ಮುಗಿಸಿ,
ರಬ್ಬರ್ ಬೂಟು ಮೆಟ್ಟಿಲಲ್ಲೇ ಕಳಚಿ.

ಏನು ಓದುತ್ತಾಳೆ, ನನ್ನ ಕೇಳಿ:
ಡೀಸೆಲ್ ಎಂಜಿನ್ ರಿಪೇರಿ, ಮೊದಲ ಭಾಗ;
ತಾನೆಂದೂ ಕಾಣದ ಸೀಮೆಯ ಅಡುಗೆ;
ಕೊಲೆಯ ಕತೆಯಾದರೆ ಕೊನೆಯ ಹಾಳೆ ಮೊದಲು.
ಕವಿತೆ ಚಾಚಿದರೆ, "ಬೇಡಪ್ಪ, ಮನೆಯಲ್ಲೇ ಇದೆ ಆ ಕಾಟ."

ಬರೆಯುವುದು ತೂಕದ ಚೀಟಿಗಳ ಬೆನ್ನಿಗೆ,
ಆಲೂಗಡ್ಡೆ ಬೇಯುವಷ್ಟು ಹೊತ್ತು.
ಸೀದ ದಿನ ಗಂಡ ಹಾನುಸ್ ಸುಮ್ಮನೆ ತಿನ್ನುತ್ತಾನೆ,
ಒಳ್ಳೆ ಸಾಲು ಬಿದ್ದಿರಬೇಕು ಅಂತ.

ಹೋದ ಸಲ ತನ್ನದೇ ಪುಸ್ತಕ ಒಯ್ದಿದ್ದಳು.
ಮರಳಿ ಬಂದಾಗ ನಲವತ್ತೊಂದನೆಯ ಪುಟದಲ್ಲಿ
'ಮಂಜು' ಹೊಡೆದುಹಾಕಿ, ಪೆನ್ಸಿಲಿನಲ್ಲಿ ಸಣ್ಣಗೆ
ಬೇರೆ ಮಾತು. ಕುರಿಯ ಬೆನ್ನಷ್ಟೇ ಕಾಣುವ ಮಂಜಿಗೆ
ಅವಳಜ್ಜಿ ಅನ್ನುತ್ತಿದ್ದುದು. ನಿಘಂಟಿನಲ್ಲಿಲ್ಲ.
"ಅಚ್ಚಾದ ಮೇಲೆ ನೆನಪಾಯ್ತು," ಎಂದಳು,
"ಹದಿನಾರು ವರ್ಷ ಚುಚ್ಚುತ್ತಿತ್ತು."

ಗ್ರಂಥಾಲಯದ ಪುಸ್ತಕದಲ್ಲಿ ಗೀಚಿದರೆ
ದಂಡ ಐದು ಕ್ರೋನ. ಹೇಳಿದೆ, ನಾಚುತ್ತಾ.
ಕೊಟ್ಟಳು. ನಾಣ್ಯಕ್ಕೊಂದು ಮೀನಿನ ಹುರುಪೆ ಅಂಟಿತ್ತು.
ಅಳಿಸುವ ರಬ್ಬರು ನನ್ನ ಡ್ರಾಯರಿನಲ್ಲೇ ಇತ್ತು,
ಅಲ್ಲೇ ಇದೆ.

"ಎಂಜಿನ್ನಿನ ಎರಡನೇ ಭಾಗ
ಬಂತಾ?"