ಕೊಟ್ಟನಾ?

ಅಲ್ಲಿ ಕೋಟೇಶ್ವರದಲ್ಲಿ ರಾತ್ರಿ ಹತ್ತು,
ಇಲ್ಲಿ ಜುಬೈಲ್ ಕ್ಯಾಂಪಿನಲ್ಲಿ ಏಳೂವರೆ.
ಈರುಳ್ಳಿ ಡಬ್ಬಿಗೆ ಮೊಬೈಲು ಒರಗಿಸಿ
ತಾಳಮದ್ದಳೆ ಹಾಕಿದೆ.
ವೇಷವಿಲ್ಲ, ಕುಣಿತವಿಲ್ಲ. ಬಿಳಿ ಪಂಚೆಯ ಇಬ್ಬರು
ಎದುರುಬದುರು ಕೂತು ಮಾತು, ಬರೀ ಮಾತು.
ಭಾಗವತರ ಬಾಯಿ ಮೊದಲು ತೆರೆಯುತ್ತದೆ,
ಪದ ಆಮೇಲೆ ಬರುತ್ತದೆ.
ನಮ್ಮ ನೆಟ್ಟು ಹಾಗೆ.

ಮೇಲಿನ ಬಂಕಿನಿಂದ ಸ್ವಾತ್ ಕಡೆಯ ಬಖ್ತ್ ಮುನೀರ್
ತಲೆ ಇಳಿಬಿಟ್ಟ: "ಏನು ಜಗಳ?"
"ಜಮೀನಿನದ್ದು."
"ಅಣ್ಣತಮ್ಮಂದಿರಾ?"
"ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು.
ಐದೇ ಊರು ಸಾಕು ಅಂತ ಹೇಳಿಕಳಿಸಿದ್ದಾರೆ."

ಇಳಿದು ಬಂದು ನನ್ನ ಮಂಚದ ತುದಿಗೆ ಕೂತ.
ಅರ್ಥಧಾರಿಯ ಅರ್ಥಕ್ಕೆ
ನನ್ನ ಮುರುಕು ಹಿಂದಿಯಲ್ಲಿ ನಾನು ಅರ್ಥ ಹೇಳಿದೆ.
ಅದು ಬೇಕಿರಲಿಲ್ಲ.
ಕೊಡದವನು ಯಾರೆಂದು
ಶಾಲು ಸರಿಮಾಡಿಕೊಂಡ ರೀತಿಯಲ್ಲೇ ಹಿಡಿದಿದ್ದ.
"ನನ್ನ ಚಾಚಾನೂ ಹೀಗೇ
ನಗುನಗುತ್ತಾ ಮಾತಾಡುತ್ತಿದ್ದ.
ಹನ್ನೊಂದು ಅಕ್ರೋಟು ಮರ."
ಮುಂದೆ ಏನೂ ಹೇಳಲಿಲ್ಲ.

ಕೊಡದವನು ಕೆರಳಿ ಬಲಗೈ ಎತ್ತಿದ್ದೇ
ತೆರೆಯ ನಡುವೆ ಚಕ್ರ ತಿರುಗತೊಡಗಿತು.
ಡಾಟಾ ಖಾಲಿ.
ಎತ್ತಿದ ಕೈಯನ್ನು
ಅನ್ನ ಆರುವವರೆಗೂ ನೋಡಿದೆವು.

ಬೆಳಗಿನ ನಾಲ್ಕೂವರೆಯ ಬಸ್ಸು. ಹೆಲ್ಮೆಟ್ಟು ತೊಡೆಯ ಮೇಲೆ.
ರಿಫೈನರಿಯ ಬೆಂಕಿ ಕಿಟಕಿಗೆ ಅಂಟಿಕೊಂಡೇ ಬರುತ್ತಿತ್ತು.
ಮೊಣಕೈಯಲ್ಲಿ ತಿವಿದ:
"ಕೊಟ್ಟನಾ?"

ನನಗೆ ಗೊತ್ತು. ನಮ್ಮೂರ ಮಕ್ಕಳಿಗೂ ಗೊತ್ತು.
"ಇನ್ನೂ ಮಾತು ನಡೀತಾ ಇದೆ" ಅಂದೆ.